ಅಟ್ಟ ಹತ್ತುವ ಮುನ್ನ



ಅಡಿಕೆ ಕೊಯಿಲು ಮುಗಿದು, ರೊಬಸ್ಟಾ ಹಣ್ಣು ಕಣದಿಂದ ಚೀಲ ಸೇರಿ, ಹೂಮಳೆಗಾಗಿ ಆಕಾಶ ನೋಡುತ್ತ ಕುಳಿತುಕೊಳ್ಳುವ ಈ ಎರಡು ಮೂರು ತಿಂಗಳು ನಮ್ಮ ಸೀಮೆಯಲ್ಲಿ ಮನೆ ಕೆಲಸದ ಕಾಲ. ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುತ್ತದೆ. ಮಳೆ ಹಿಡಿಯುವುದರೊಳಗೆ ಮಾಡು ಮುಚ್ಚಬೇಕೆಂಬ ಆತುರವೂ ಇರುತ್ತದೆ. ಗೊಬ್ಬರಕ್ಕೆಂದು ಸಂಘದಿಂದ ಸಾಲ ಪಡೆದು ಹಂಚು ಇಳಿಸಿಕೊಂಡವರೂ ನಮ್ಮಲ್ಲಿ ಇಲ್ಲದಿಲ್ಲ. ಅವರ ಹೆಸರು ನನಗೆ ಗೊತ್ತಿದ್ದರೂ ಇಲ್ಲಿ ಬರೆಯುವುದಿಲ್ಲ.

ಈ ಸಂಚಿಕೆಗೆ ಕೊಳೆರೋಗದ ಔಷಧಿ ಸಿಂಪಡಣೆಯ ತಯಾರಿಯ ಬಗ್ಗೆ ಬರೆಯಬೇಕೆಂದು ಕುಳಿತಿದ್ದೆ. ಅಷ್ಟರಲ್ಲಿ ನಮ್ಮ ಸದಸ್ಯರೊಬ್ಬರ ಹೊಸ ಮನೆಯ ಅಟ್ಟದಿಂದ ಕೆಲಸದ ಹುಡುಗನೊಬ್ಬ ಬಿದ್ದ ಸುದ್ದಿ ಬಂತು. ಕೆಳಗೆ ಮರಳಿನ ರಾಶಿ ಇದ್ದುದರಿಂದ ಮುಂಗೈ ಮುರಿದುದರಲ್ಲೇ ಮುಗಿಯಿತು. ನೋಡಲು ಹೋದವರೆಲ್ಲ "ಅದೃಷ್ಟ, ಅದೃಷ್ಟ" ಎಂದು ಹೇಳಿ ಕಾಫಿ ಕುಡಿದು ಬಂದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಮರ ಹತ್ತುವ ವಿಷಯದಲ್ಲಿ ನಾವು ದಡ್ಡರಲ್ಲ. ಕೊನೆಗೌಡ ಐವತ್ತು ಅರವತ್ತು ಅಡಿಯ ಅಡಿಕೆ ಮರಕ್ಕೆ ಹತ್ತುವ ಮೊದಲು ತಳೆಯನ್ನು ಎರಡು ಸಲ ಎಳೆದು ನೋಡುತ್ತಾನೆ. ಮಂಜು ಬಿದ್ದ ಬೆಳಿಗ್ಗೆ ಮರ ಮುಟ್ಟುವುದಿಲ್ಲ. ನಾವೂ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿರುತ್ತೇವೆ. ಈಗ ಮರ ಹತ್ತುವವರು ಸಿಗದೆ ಉದ್ದದ ಫೈಬರ್ ದೋಟಿ ತಂದುಕೊಂಡಿದ್ದೇವೆ. ನೆಲದ ಮೇಲೇ ನಿಂತು ಕೊನೆ ಕೊಯ್ಯುವುದೂ ಔಷಧಿ ಹೊಡೆಯುವುದೂ ಸಾಧ್ಯವಾಗಿದೆ. ಮೆಣಸು ಕೊಯ್ಯುವವನ ಒಂಟಿ ಏಣಿಯನ್ನು ಸಿಲ್ವರ್ ಮರಕ್ಕೆ ಹಗ್ಗದಿಂದ ಕಟ್ಟದೆ ಹತ್ತಲು ಬಿಡುವ ಮಾಲೀಕರು ಈಗ ಕಡಿಮೆ. ಆದರೆ ಅದೇ ಮಾಲೀಕ ಅದೇ ಆಳಿಗೆ ಮನೆಯೊಳಗಿನ ಹತ್ತಡಿಯ ಅಟ್ಟ ತೋರಿಸಿ, "ಹತ್ತಿ ಆ ಹಲಗೆ ಈಚೆ ಕೊಡು ಮಾರಾಯ" ಎನ್ನುತ್ತಾನೆ. ಮನೆಯೊಳಗಿನದು ಎತ್ತರವೇ ಅಲ್ಲ ಎಂದು ನಮ್ಮ ಲೆಕ್ಕ.

ಲೆಕ್ಕವನ್ನೇ ನೋಡೋಣ. ಕಾಲೇಜಿನಲ್ಲಿ ಕಲಿತ ಭೌತಶಾಸ್ತ್ರ ಎಲ್ಲ ಮರೆತಿದ್ದರೂ ಇಷ್ಟು ನೆನಪಿದೆ. ಹತ್ತು ಅಡಿಯಿಂದ ಬೀಳುವ ದೇಹ 0.8 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. "ಅಯ್ಯೋ" ಎನ್ನಲೂ ಅಷ್ಟು ಹೊತ್ತು ಸಾಲದು. ಕೈ ಚಾಚಿ ಏನನ್ನಾದರೂ ಹಿಡಿದುಕೊಳ್ಳುವುದಂತೂ ದೂರದ ಮಾತು. ತೋಟದಲ್ಲಿ ಬಿದ್ದರೆ ಕೆಳಗೆ ದರಗಿನ ಮೆತ್ತೆಯಾದರೂ ಇದ್ದೀತು. ಮನೆಯೊಳಗೆ ಇರುವುದು ಕಾಂಕ್ರೀಟು, ಇಟ್ಟಿಗೆಯ ರಾಶಿ, ಮೇಲೆ ಮುಖ ಮಾಡಿ ನಿಂತ ಕಬ್ಬಿಣದ ಸರಳು.

ಇನ್ನು ನನ್ನ ಮನೆಯ ಕಥೆ. 2014ರಲ್ಲಿ ಹಳೆಯ ಮನೆಯ ಪಕ್ಕಕ್ಕೆ ಅಡಿಕೆ, ಕಾಫಿ ತುಂಬಿಡಲು ಒಂದು ಉಗ್ರಾಣ ಕಟ್ಟಿಸಿದೆ. ಕೆಳಗೆ ಉಗ್ರಾಣ, ಮೇಲೆ ಮರದ ಅಟ್ಟ, ಅದರ ಮೇಲೆ ಹಂಚಿನ ಮಾಡು. ಕೆಲಸಕ್ಕೆ ಬಂದವರು ನಮ್ಮ ತಂದೆಯ ಕಾಲದಿಂದಲೂ ನಮ್ಮ ಮನೆಯ ಮರಗೆಲಸ ಮಾಡುತ್ತಿದ್ದ ಆಚಾರರು. ಆಗ ಅವರಿಗೆ ಐವತ್ತೆಂಟು ವರ್ಷ. ಕೈಯಲ್ಲಿ ಉಳಿ ಹಿಡಿದರೆ ಅಳತೆಪಟ್ಟಿ ಬೇಡದಂಥ ಕೆಲಸಗಾರ. ತೊಲೆ ಏರಿತು, ಜಂತಿ ಕೂತಿತು, ಮುಚ್ಚಿಗೆ ಹಲಗೆ ಮುಕ್ಕಾಲು ಪಾಲು ಹೊಡೆದಾಯಿತು. ಮೆಟ್ಟಿಲಿಗೆಂದು ಮೂರಡಿ ಅಗಲ, ಏಳಡಿ ಉದ್ದದ ಬಾಯಿ ಬಿಟ್ಟಿದ್ದರು. ಮೆಟ್ಟಿಲಿನ ಮರ ಇನ್ನೂ ಒಣಗಿರಲಿಲ್ಲವಾದ್ದರಿಂದ ಏಣಿಯಲ್ಲೇ ಓಡಾಟ.

ಏಪ್ರಿಲ್ ಕೊನೆಯ ವಾರ ತಂಗಿಯ ಮಕ್ಕಳು ಬೇಸಿಗೆ ರಜೆಗೆ ಬಂದರು. ಬಂದ ದಿನವೇ ಇಬ್ಬರೂ ಏಣಿ ಹತ್ತಿ ಅಟ್ಟದಲ್ಲಿ ಓಡಾಡುವುದನ್ನು ಕಂಡು ನನಗೆ ಗಾಬರಿಯಾಯಿತು. ಸಂಜೆ ಕೆಲಸದವರೆಲ್ಲ ಹೋದ ಮೇಲೆ ನಾನೇ ಮೇಲೆ ಹೋಗಿ, ಅಲ್ಲಿದ್ದ ಎಂಟಡಿ ನಾಲ್ಕಡಿಯ ಒಂದು ಪ್ಲೈವುಡ್ ಹಾಳೆಯನ್ನು ಎಳೆದು ಆ ಬಾಯಿಯ ಮೇಲೆ ಮುಚ್ಚಿ, ಮಾಡಿನ ಹೊರಬದಿಯ ಸಾರವೆ ಹಿಡಿದು ಇಳಿದು ಬಂದೆ. ಏಣಿಯನ್ನೂ ಎತ್ತಿ ಒಳಗಿಟ್ಟೆ. ಬಹಳ ಜಾಗ್ರತೆಯ ಕೆಲಸ ಮಾಡಿದೆನೆಂದು ನನಗೆ ಸಮಾಧಾನವಾಗಿತ್ತು. ಮೊಳೆ ಹೊಡೆಯಲಿಲ್ಲ. ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗಾಗಲೇ ಆಚಾರರು ಸಾರವೆಯ ಕಡೆಯಿಂದ ಅಟ್ಟ ಹತ್ತಿದ್ದರು. ಹೊರಗಿನ ಬಿಸಿಲಿನಿಂದ ಒಳಗಿನ ಕತ್ತಲೆಗೆ ಬಂದಿದ್ದಾರೆ. ಪ್ಲೈವುಡ್ ಕಂಡಿದೆ. ಅದನ್ನು ಬದಿಗೆ ಒರಗಿಸಿಡೋಣವೆಂದು ಎರಡೂ ಕೈಯಿಂದ ಎತ್ತಿ, ಎದೆಯ ಮುಂದೆ ಹಿಡಿದು, ಒಂದು ಹೆಜ್ಜೆ ಮುಂದಿಟ್ಟಿದ್ದಾರೆ. ಎದುರಿಗೆ ಹಲಗೆಯೇ ಅಡ್ಡವಿದ್ದಾಗ ಕಾಲಡಿ ಏನಿದೆಯೆಂದು ಕಾಣುವುದು ಹೇಗೆ?

ನಾನು ಶಬ್ದ ಕೇಳಿ ಓಡಿದೆ. ಅವರು ಅಂಗಾತ ಬಿದ್ದಿದ್ದರು, ಪ್ರಜ್ಞೆ ಇತ್ತು. "ಅಯ್ಯಾ, ಕಾಲು ಎಲ್ಲೋ ಹೋಗಿಬಿಟ್ಟಿದೆ" ಎಂದರು. ಸೊಂಟದ ಮೂಳೆ ಒಡೆದಿತ್ತು. ಮಂಗಳೂರಿನಲ್ಲಿ ಒಂದು ಶಸ್ತ್ರಚಿಕಿತ್ಸೆ, ಎರಡು ತಿಂಗಳು ಹಾಸಿಗೆ, ಒಂದು ವರ್ಷದ ಮೇಲೆ ಕೋಲು ಹಿಡಿದು ನಡಿಗೆ. ಅಷ್ಟು ಮರಳಿ ಬಂದದ್ದೇ ದೊಡ್ಡದು ಎಂದು ಡಾಕ್ಟರು ಹೇಳಿದರು. ಅಂದಿನಿಂದ ಇಂದಿನವರೆಗೆ ಅವರು ಒಂದೇ ಒಂದು ಮೆಟ್ಟಿಲನ್ನೂ ಒಬ್ಬರೇ ಹತ್ತಿಲ್ಲ. ಪ್ಲೈವುಡ್ ಇಟ್ಟವನು ನಾನೆಂದು ಆಸ್ಪತ್ರೆಯಲ್ಲೇ ಅವರಿಗೆ ಹೇಳಿದೆ. "ಎತ್ತಿದವನು ನಾನಲ್ವಾ ಅಯ್ಯಾ" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಆ ಮೇಲೆ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ, ಇಂಜಿನಿಯರುಗಳನ್ನು ಕೇಳಿದೆ. ಆಗ ತಿಳಿದದ್ದೇನೆಂದರೆ, ನಮ್ಮ ಮನೆಯಲ್ಲಿ ನಡೆದದ್ದು ಅಪರೂಪದ ಘಟನೆಯೇನಲ್ಲ. ತೂತು ಮುಚ್ಚಿದ ಹಲಗೆಯನ್ನು ಎತ್ತಿಕೊಂಡು ಅದೇ ತೂತಿಗೆ ಕಾಲಿಡುವುದು ಕಟ್ಟಡ ಕೆಲಸದಲ್ಲಿ ಲೋಕದ ಎಲ್ಲ ಕಡೆ ಚಿರಪರಿಚಿತವಾದ ಅಪಘಾತ. ಅದಕ್ಕೆಂದೇ ಅಮೆರಿಕ ದೇಶದ ನಿಯಮದಲ್ಲಿ ಅಂಥ ಮುಚ್ಚಳ ಕದಲದಂತೆ ಬಿಗಿದಿರಬೇಕು, ಅದರ ಮೇಲೆ ಬರಬಹುದಾದ ಭಾರದ ಎರಡರಷ್ಟನ್ನು ತಾಳಬೇಕು, ಕೆಳಗೆ ತೂತಿದೆಯೆಂಬ ಗುರುತು ಅದರ ಮೇಲಿರಬೇಕು ಎಂದು ಬರೆದಿದ್ದಾರೆ. ಅಲ್ಲಿ ವಾಸದ ಮನೆ ಕಟ್ಟುವಾಗಲೂ ಆರಡಿ ಎತ್ತರದಿಂದಲೇ ಬೀಳದ ಹಾಗೆ ರಕ್ಷಣೆ ಮಾಡಬೇಕು. ನಮ್ಮಲ್ಲಿ 1996ರಲ್ಲಿ ಬಂದ ಕಟ್ಟಡ ಕಾರ್ಮಿಕರ ಕಾಯ್ದೆಯು ಹತ್ತು ಲಕ್ಷ ರೂಪಾಯಿಯೊಳಗೆ ಸ್ವಂತಕ್ಕೆ ಮನೆ ಕಟ್ಟಿಸುವವರನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಬಡವನಿಗೆ ತೊಂದರೆಯಾಗಬಾರದೆಂಬ ಉದ್ದೇಶ ಸರಿಯೇ. ಆದರೆ ಘಟ್ಟದ ಮೂಲೆಯ ನಮ್ಮ ಅಟ್ಟವನ್ನು ನೋಡಲು ಯಾವ ಇನ್ಸ್‌ಪೆಕ್ಟರೂ ಹತ್ತಿ ಬರುವುದಿಲ್ಲ ಎಂಬುದನ್ನು ನಾವು ಇಟ್ಟುಕೊಂಡೇ ಮುಂದಿನ ಮಾತಾಡಬೇಕು. ಇನ್ಸ್‌ಪೆಕ್ಟರು ನಾವೇ.

ಬಾಯಿ ಮುಚ್ಚುವ ಬಗೆ

ಮೊದಲ ಮಾತು: ಮೆಟ್ಟಿಲನ್ನು ಕೊನೆಗೆ ಇಡಬೇಡಿ. ಒಳ್ಳೆಯ ಮರಕ್ಕೆ ಕಾಯುತ್ತ ಆರು ತಿಂಗಳು ಏಣಿಯಲ್ಲಿ ದಿನ ದೂಡುವುದು ನಮ್ಮೆಲ್ಲರ ರೂಢಿ. ಹೆಬ್ಬಲಸಿನ ಮೆಟ್ಟಿಲು ಆಮೇಲೆ ಬರಲಿ. ಜಂತಿ ಕೂತ ವಾರದಲ್ಲೇ ಸಿಲ್ವರ್ ಹಲಗೆಯದೊಂದು ಒರಟು ಮೆಟ್ಟಿಲು, ಒಂದು ಬದಿಗೆ ಕೈಹಿಡಿ, ಇಷ್ಟು ಮಾಡಿಸಿದರೆ ಆಳುಗಳ ಓಡಾಟವೂ ಬೇಗ, ಹೊರೆ ಏರಿಸುವುದೂ ಸುಲಭ. ಉಳಿಯುವ ಕೂಲಿಯಲ್ಲೇ ಅದರ ಖರ್ಚು ಹುಟ್ಟುತ್ತದೆ. ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಉಪಾಯ ಇನ್ನೊಂದಿಲ್ಲ.

ಅಟ್ಟದ ಬಾಯಿಯ ಸುತ್ತ ಮೂರು ಬದಿಗೆ ಮೂರೂವರೆ ಅಡಿ ಎತ್ತರದ ಅಡ್ಡಪಟ್ಟಿ, ಅದರ ನಡುವೆ ಇನ್ನೊಂದು ಪಟ್ಟಿ ಬೇಕು. ಒಂದೇ ಪಟ್ಟಿಯಿದ್ದರೆ ಬಗ್ಗಿ ಮೊಳೆ ಹೊಡೆಯುತ್ತ ಹಿಂದೆ ಸರಿಯುವವನು ಅದರ ಕೆಳಗಿನಿಂದಲೇ ಜಾರಿ ಹೋಗುತ್ತಾನೆ. ನೆಲಮಟ್ಟದಲ್ಲಿ ನಾಲ್ಕು ಅಂಗುಲದ ಒಂದು ಪಟ್ಟಿ ಹೊಡೆದರೆ ಸುತ್ತಿಗೆ, ಉಳಿ ಉರುಳಿ ಕೆಳಗಿನವರ ತಲೆಯ ಮೇಲೆ ಬೀಳುವುದೂ ತಪ್ಪುತ್ತದೆ. ಪಟ್ಟಿ ಹಾಕಲಾಗದ ಕಡೆ ಮುಚ್ಚಳ. ಮುಚ್ಚಳವೆಂದರೆ ನಾನು ಇಟ್ಟಂಥದ್ದಲ್ಲ. ಬಾಯಿಗಿಂತ ಎಲ್ಲ ಕಡೆಯೂ ಅರ್ಧ ಅಡಿ ದೊಡ್ಡದಿರಬೇಕು. ಅದರ ಕೆಳಮೈಗೆ ಬಾಯಿಯೊಳಗೆ ಸರಿಯಾಗಿ ಕೂರುವ ಹಾಗೆ ಎರಡು ರೀಪು ಹೊಡೆದಿರಬೇಕು. ಆಗ ಅದು ಸರಿದಾಡುವುದಿಲ್ಲ. ಮೇಲಿನಿಂದ ಜಂತಿಗೆ ಮೊಳೆ ಅಥವಾ ಸ್ಕ್ರೂ. ಆಮೇಲೆ ಕೆಂಪು ಬಣ್ಣದಲ್ಲಿ ಈ ಮೂಲೆಯಿಂದ ಆ ಮೂಲೆಗೆ ದೊಡ್ಡ ಅಡ್ಡಗೆರೆ ಎರಡು. "ಕೆಳಗೆ ಬಾಯಿ ಇದೆ" ಎಂದು ಬರೆಯಿರಿ, ಬೇಡವೆನ್ನುವುದಿಲ್ಲ. ಆದರೆ ಈಗ ನಮ್ಮ ಊರುಗಳಲ್ಲಿ ಮನೆ ಕೆಲಸಕ್ಕೆ ಬರುವವರಲ್ಲಿ ಅಸ್ಸಾಮಿನವರಿದ್ದಾರೆ, ಜಾರ್ಖಂಡ್, ಬಿಹಾರದವರಿದ್ದಾರೆ. ನಮ್ಮ ಅಕ್ಷರ ಅವರಿಗೆ ಓದಲು ಬಾರದು. ಕೆಂಪು ಗೆರೆ ಎಲ್ಲರಿಗೂ ತಿಳಿಯುತ್ತದೆ. ಮೊದಲ ದಿನ ಮೇಸ್ತ್ರಿಯ ಮೂಲಕ ಹಿಂದಿಯಲ್ಲಿ ಒಂದು ಸಲ ಹೇಳಿಸಿ, ಅವರನ್ನು ಕರೆದೊಯ್ದು ಬೆರಳಿಟ್ಟು ತೋರಿಸಿದರೆ ಇನ್ನೂ ಒಳ್ಳೆಯದು.

ಮುಚ್ಚಳ ಹಾಕಿದವನು, ತೆಗೆದವನು, ಇಬ್ಬರೂ ಮಿಕ್ಕವರಿಗೆ ಬಾಯಿಬಿಟ್ಟು ಹೇಳಬೇಕು. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಹಲಗೆಯ ತುದಿ

ಜಂತಿಯ ಮೇಲೆ ಹಲಗೆ ಹರಡಿ, ಮೊಳೆ ಹೊಡೆಯದೆ ಬಿಟ್ಟ ಅಟ್ಟ ಪೂರ್ತಿ ತೆರೆದಿರುವ ಅಟ್ಟಕ್ಕಿಂತ ಅಪಾಯ. ತೆರೆದದ್ದು ಕಣ್ಣಿಗೆ ಕಾಣುತ್ತದೆ, ಮನುಷ್ಯ ಎಚ್ಚರದಿಂದ ಜಂತಿಯಿಂದ ಜಂತಿಗೆ ಕಾಲಿಡುತ್ತಾನೆ. ಹರಡಿದ ಹಲಗೆ ನೆಲದಂತೆ ಕಂಡು ಮೋಸ ಮಾಡುತ್ತದೆ. ಹಲಗೆಯ ತುದಿ ಜಂತಿಯನ್ನು ದಾಟಿ ಎರಡು ಅಡಿ ಮುಂದಕ್ಕೆ ಚಾಚಿಕೊಂಡಿದೆಯೆನ್ನಿ. ಆ ತುದಿಯ ಮೇಲೆ ಕಾಲಿಟ್ಟರೆ ಮಕ್ಕಳ ಏತದಾಟದಂತೆ ಹಿಂದಿನ ತುದಿ ಮೇಲೇಳುತ್ತದೆ, ಮನುಷ್ಯ ಕೆಳಗಿಳಿಯುತ್ತಾನೆ, ಅವನ ಬೆನ್ನಿಗೇ ಹಲಗೆ ಬರುತ್ತದೆ. ಆದ್ದರಿಂದ ತಾತ್ಕಾಲಿಕವಾಗಿ ಇಡುವ ಹಲಗೆ ಜಂತಿಯಿಂದ ಆಚೆಗೆ ಅರ್ಧ ಅಡಿಗಿಂತ ಕಡಿಮೆ ಚಾಚಬಾರದು, ಒಂದು ಅಡಿಗಿಂತ ಹೆಚ್ಚೂ ಚಾಚಬಾರದು. ಕಡಿಮೆಯಾದರೆ ಹಲಗೆ ಜಾರಿ ಇಳಿಯುತ್ತದೆ, ಹೆಚ್ಚಾದರೆ ಮಗುಚುತ್ತದೆ. ಎರಡು ಹಲಗೆಗಳ ತುದಿ ಕೂಡುವ ಜಾಗ ಜಂತಿಯ ಮೇಲೆಯೇ ಬರಬೇಕು. ಅಡ್ಡಾಡುವ ದಾರಿ ಒಂದೂವರೆ ಅಡಿಯಾದರೂ ಅಗಲವಿರಬೇಕು, ಒಂದೇ ಹಲಗೆಯ ಮೇಲೆ ಹೊರೆ ಹೊತ್ತು ಸರ್ಕಸ್ಸು ಬೇಡ. ಆ ದಿನ ಹಾಸಿದ ಹಲಗೆಗೆ ಆ ದಿನವೇ ತುದಿಗೆರಡು ಮೊಳೆ ಬೀಳಲಿ. ತಾತ್ಕಾಲಿಕವೆಂದು ಮೊಳೆ ಉಳಿಸಿದರೆ ಉಳಿಯುವುದು ಮೂರು ರೂಪಾಯಿ.

ಅಡಿಕೆ ದಬ್ಬೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ದಬ್ಬೆ ನಮ್ಮ ಮನೆಯ ವಸ್ತು, ದುಡ್ಡಿಲ್ಲದೆ ಸಿಗುತ್ತದೆ, ಆದ್ದರಿಂದ ಸಾರವೆಗೂ ಅದೇ, ಅಟ್ಟಕ್ಕೂ ಅದೇ. ಬಲಿತ ಮರದ ಹೊರಮೈ ಕಬ್ಬಿಣದಷ್ಟು ಗಟ್ಟಿ ನಿಜ. ಒಳಗಿನದು ಬರೀ ತಿರುಳು. ಒಂದು ಮಳೆಗಾಲ ನೆನೆದು ಒಣಗಿದ ದಬ್ಬೆ ಹೊರಗಿನಿಂದ ಹಾಗೆಯೇ ಕಾಣುತ್ತದೆ, ಭಾರ ಬಿದ್ದಾಗ ಬಳುಕದೆ ಒಮ್ಮೆಗೇ ಮುರಿಯುತ್ತದೆ. ಅಡಿಕೆ ಒಣಹಾಕಲು ದಬ್ಬೆಯ ಅಟ್ಟ ಸರಿ. ಮನುಷ್ಯ ನಿಂತು ಕೆಲಸ ಮಾಡಲು ಸರಿಯಲ್ಲ.

ಹಳೆಮನೆ ಕಳಚಿ ಅದರ ತೊಲೆ ಜಂತಿಗಳನ್ನೇ ಹೊಸ ಮನೆಗೆ ಬಳಸುವವರು ಮೊದಲು ಅವನ್ನು ನೆಲದ ಮೇಲೆ ಮಲಗಿಸಿ ಉದ್ದಕ್ಕೂ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಮರದ ದನಿ ಬೇರೆ, ಗೆದ್ದಲು ತಿಂದ ಪೊಳ್ಳಿನ ದನಿ ಬೇರೆ. ಗೋಡೆಯೊಳಗೆ ಹೂತಿದ್ದ ಎರಡು ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಿ. ಕೊಳೆಯುವುದು ಹೆಚ್ಚಾಗಿ ಅಲ್ಲಿಂದಲೇ. ನಮ್ಮ ಅಜ್ಜಂದಿರ ಮನೆಗಳಲ್ಲಿ ಅಟ್ಟ ಕೆಡದೆ ಉಳಿದದ್ದು ಕೆಳಗಿನ ಒಲೆಯ ಹೊಗೆಯಿಂದ. ಗ್ಯಾಸು ಬಂದ ಮೇಲೆ ಹೊಗೆಯೂ ಹೋಯಿತು, ಆ ಮರಕ್ಕೆ ಇದ್ದ ಕಾವಲೂ ಹೋಯಿತು.

ಮಾಡಿನ ಕೆಳಗೆ, ಮಾಡಿನ ಮೇಲೆ

ಸೋಗೆ ಮಾಡಿನ ಕಾಲದಲ್ಲಿ ಈ ತಾಪತ್ರಯ ಇಷ್ಟಿರಲಿಲ್ಲವೇನೋ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲೂ ಹಂಚು ಬಂತು. ಪಕಾಸಿ, ರೀಪಿನ ಎತ್ತರದ ಮಾಡು ಬಂತು, ಅದರಡಿಯಲ್ಲಿ ವಿಶಾಲವಾದ ಅಟ್ಟ ಬಂತು. ಈಗ ಹೊಸ ರೀತಿಯದು ಕಾಂಕ್ರೀಟು ತಾರಸಿಯ ಮೇಲೆ ಕಬ್ಬಿಣದ ಟ್ರಸ್ಸು ನಿಲ್ಲಿಸಿ ಶೀಟು ಹೊದಿಸುವುದು. ಮಳೆಗೆ ಒಳ್ಳೆಯದು, ಅಡಿಕೆ ಹರಡಲೂ ಒಳ್ಳೆಯದು. ಕಾಲಡಿ ಕಾಂಕ್ರೀಟು ಇರುವುದರಿಂದ ಒಳಗೆ ಬೀಳುವ ಭಯವಿಲ್ಲ, ಆದರೆ ಅಂಚಿನಲ್ಲಿ ಕಟ್ಟೆ ಕಟ್ಟುವುದನ್ನು ಮಳೆಗಾಲದ ನಂತರಕ್ಕೆ ದೂಡುತ್ತೇವೆ. ಟ್ರಸ್ಸಿನವರು ಉದ್ದದ ಪೈಪು ಹಿಡಿದು ಹಿಂದೆ ಹಿಂದೆ ನಡೆಯುತ್ತ ಬರುವುದು ಆ ಅಂಚಿನ ಕಡೆಗೇ. ಅಂಚಿನಿಂದ ಆರಡಿ ಒಳಗೆ ಒಂದು ಹಗ್ಗವನ್ನಾದರೂ ಕಟ್ಟಿ, ಬೆನ್ನಿಗೆ ತಾಗಿದ ಕೂಡಲೇ ನಿಲ್ಲುತ್ತಾರೆ.

ಶೀಟಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಎಲ್ಲ ಕಡೆ ಇದೆ. ಸಿಮೆಂಟು ಶೀಟಿನ ಮೇಲೆ ಬೋಲ್ಟ್ ಇರುವ ಸಾಲಿನಲ್ಲೇ ಕಾಲಿಟ್ಟರೆ ಏನೂ ಆಗುವುದಿಲ್ಲವೆಂಬುದು. ಬಿಸಿಲು ಮಳೆಗೆ ಹಳತಾದ ಶೀಟು ಬೋಲ್ಟಿನ ಪಕ್ಕದಲ್ಲೂ ಒಡೆಯುತ್ತದೆ. ಬೆಳಕಿಗಾಗಿ ನಡುನಡುವೆ ಹಾಕುವ ಪಾರದರ್ಶಕ ಶೀಟು ಇನ್ನೂ ಕೇಡು; ಹೊಸದರಲ್ಲಿ ಹೊಳೆಯುತ್ತ ಬೇರೆಯಾಗಿ ಕಾಣುತ್ತದೆ, ನಾಲ್ಕು ವರ್ಷದಲ್ಲಿ ಪಾಚಿ ಕಟ್ಟಿ ಮಿಕ್ಕ ಶೀಟಿನ ಬಣ್ಣಕ್ಕೇ ತಿರುಗುತ್ತದೆ. ಎಲೆ ಗುಡಿಸಲು ಹತ್ತಿದವನಿಗೆ ಯಾವುದು ಯಾವುದೆಂದು ತಿಳಿಯದು. ಏರಲೇಬೇಕಾದರೆ ಪಕಾಸಿಯಿಂದ ಪಕಾಸಿಗೆ ಮುಟ್ಟುವಷ್ಟು ಉದ್ದದ, ಅಡ್ಡಪಟ್ಟಿ ಹೊಡೆದ ಹಲಗೆಯನ್ನು ನೆತ್ತಿಗೆ ಕಟ್ಟಿ ಅದರ ಮೇಲೆ ಹೋಗಬೇಕು. ಹೆಚ್ಚಿನ ರಿಪೇರಿಗಳನ್ನು ಕೆಳಗೆ ಸಾರವೆ ಕಟ್ಟಿ ಅಟ್ಟದ ಕಡೆಯಿಂದಲೇ ಮಾಡಬಹುದು. ಮಾಡಿ.

ಫಾಲ್ಸ್ ಸೀಲಿಂಗ್ ಎಂಬುದು ಈಗ ನಮ್ಮ ಹಳ್ಳಿಗಳಿಗೂ ಬಂದಿದೆ. ಜಿಪ್ಸಮ್ ಹಾಳೆ ಅರ್ಧ ಅಂಗುಲ ದಪ್ಪ, ಪಿ.ವಿ.ಸಿ. ಪಟ್ಟಿ ಅದಕ್ಕಿಂತ ತೆಳು. ಅಟ್ಟದೊಳಗಿನಿಂದ ನೋಡಿದರೆ, ಧೂಳು ಕೂತ ಮೇಲೆ ಅದು ಗಟ್ಟಿ ನೆಲದಂತೆಯೇ ಕಾಣುತ್ತದೆ. ಬೆಕ್ಕಿನ ಭಾರ ತಡೆದೀತು, ಮನುಷ್ಯನ ಭಾರವಲ್ಲ. ಅದರ ಮೇಲಕ್ಕೆ ಹೋಗುವ ಎಲೆಕ್ಟ್ರೀಷಿಯನ್ನರು ಮನೆ ಕಟ್ಟಿದವರಲ್ಲ, ಅವರಿಗೆ ಯಾವ ಕೋಣೆಯ ಮೇಲೆ ಮುಚ್ಚಿಗೆ, ಯಾವುದರ ಮೇಲೆ ಬರೀ ಹಾಳೆ ಎಂಬುದು ತಿಳಿದಿರುವುದಿಲ್ಲ. ಸೀಲಿಂಗ್ ಹಾಕಿಸುವಾಗಲೇ ತೊಲೆಯಿಂದ ತೊಲೆಗೆ ಒಂದು ಹಲಗೆ ದಾರಿ ಮಾಡಿಸಿಬಿಡಿ.

ಬೆಳಕು, ಸೆಕೆ ಇವೆರಡನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಹಂಚಿನಡಿಯ ಅಟ್ಟ ಒಲೆಯಂತಿರುತ್ತದೆ. ಬೆವರು ಹರಿದು ತಲೆ ತಿರುಗಿದವನು ನೆಲದ ಮೇಲಿದ್ದರೆ ಕೂತುಕೊಳ್ಳುತ್ತಾನೆ, ಜಂತಿಯ ಮೇಲಿದ್ದರೆ ಕೂರಲು ಜಾಗವಿಲ್ಲ. ಅಟ್ಟದ ಕೆಲಸ ಬೆಳಿಗ್ಗೆ ಹನ್ನೊಂದರೊಳಗೆ ಮುಗಿಸಿ, ಬಿಸಿಲಿಳಿದ ಮೇಲೆ ಮತ್ತೆ ಹಿಡಿದರೆ ಒಳ್ಳೆಯದು. ನೀರಿನ ಕೊಡ ಮೇಲೆಯೇ ಇರಲಿ. ಹೊರಗಿನ ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹಲವು ನಿಮಿಷ ಬೇಕು. ಕಾಲಿಡುವ ಜಾಗದಲ್ಲೇ ಒಂದು ಎಲ್.ಇ.ಡಿ. ಬಲ್ಬು ತೂಗುಹಾಕಿ. ನಮ್ಮ ಮನೆಯಲ್ಲಿ ಆ ದಿನ ಅದಿರಲಿಲ್ಲ.

ಏಣಿಯ ಬಗ್ಗೆ ಎಲ್ಲರಿಗೂ ಗೊತ್ತಿದೆಯೆಂದು ಬೇಗ ಹೇಳಿ ಮುಗಿಸುತ್ತೇನೆ. ಹನ್ನೆರಡಡಿ ಎತ್ತರಕ್ಕೆ ಒರಗಿಸಿದರೆ ಬುಡ ಮೂರಡಿ ಈಚೆಗಿರಬೇಕು. ಅಟ್ಟದ ಮಟ್ಟದಿಂದ ಮೂರಡಿ ಮೇಲಕ್ಕೆ ಏಣಿ ಎದ್ದಿರಬೇಕು, ಹತ್ತಿ ಕಾಲು ಬದಲಿಸುವ ಗಳಿಗೆಯಲ್ಲಿ ಹಿಡಿಯಲು ಅದೇ ಆಧಾರ. ತಲೆಯನ್ನು ತೊಲೆಗೆ ಕಟ್ಟಿರಬೇಕು. ನುಣುಪು ನೆಲದಲ್ಲಿ ಬುಡಕ್ಕೆ ಗೋಣಿ ಹಾಸುವವರಿದ್ದಾರೆ. ಗೋಣಿಯೇ ಜಾರುತ್ತದೆ, ಬುಡಕ್ಕೆ ಅಡ್ಡವಾಗಿ ಮರದ ತುಂಡು ಬಿಗಿಯಿರಿ. ಸಾಮಾನು ಕೈಯಲ್ಲಿ ಹಿಡಿದು ಹತ್ತದೆ ಹಗ್ಗದಲ್ಲಿ ಎಳೆದುಕೊಳ್ಳುವುದು.

ಸೊಂಟಕ್ಕೆ ಹಗ್ಗ

"ಬೆಲ್ಟ್ ಕೊಡಿಸಿದ್ದೇನೆ, ಇನ್ನೇನು" ಎನ್ನುವ ಸದಸ್ಯರಿದ್ದಾರೆ. ಬೆಲ್ಟಿನ ಲೆಕ್ಕವನ್ನೂ ನೋಡಿಬಿಡೋಣ. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ ಬೇಡ. ಬಿದ್ದು ನಿಲ್ಲುವ ಎಳೆತ ಮನುಷ್ಯನ ತೂಕದ ಹಲವು ಪಟ್ಟಿರುತ್ತದೆ, ಅಷ್ಟೂ ಸೊಂಟಕ್ಕೇ ಬಂದರೆ ಒಳಗಿನ ಅಂಗಾಂಗ ಉಳಿಯುವುದಿಲ್ಲ. ತೊಡೆ, ಭುಜ ಎರಡನ್ನೂ ಸುತ್ತುವ ಪೂರ್ತಿ ಹಾರ್ನೆಸ್ ಬೇಕು, ಅದರ ಮೇಲೆ ಐ.ಎಸ್. 3521 ಎಂಬ ಮುದ್ರೆ ನೋಡಿ ಕೊಳ್ಳಬೇಕು. ಹೆಲ್ಮೆಟ್ಟಿಗೆ ಐ.ಎಸ್. 2925.

ಇಷ್ಟಾದರೂ ಹತ್ತಡಿಯ ಅಟ್ಟದಲ್ಲಿ ಆರಡಿ ಹಗ್ಗದ ಹಾರ್ನೆಸ್ಸನ್ನು ಕಾಲಬುಡದ ಜಂತಿಗೆ ಕಟ್ಟಿದರೆ ಏನಾಗುತ್ತದೆ? ಹಗ್ಗ ಬಿಗಿಯಾಗುವ ಹೊತ್ತಿಗೆ ಬೆನ್ನಿನ ಕೊಂಡಿ ಜಂತಿಯಿಂದ ಆರಡಿ ಕೆಳಗಿರುತ್ತದೆ. ಕೊಂಡಿಯಿಂದ ಪಾದಕ್ಕೆ ಇನ್ನೂ ಐದಡಿ. ಒಟ್ಟು ಹನ್ನೊಂದು. ನೆಲ ಇರುವುದು ಹತ್ತಡಿಯಲ್ಲಿ! ಹಗ್ಗ ಎಳೆಯುವ ಮೊದಲೇ ಮನುಷ್ಯ ನೆಲದಲ್ಲಿರುತ್ತಾನೆ. ಹಗ್ಗವನ್ನು ತಲೆಯ ಮೇಲಿನ ನೆತ್ತಿಯ ತೊಲೆಗೆ, ಮೂರಡಿಗೆ ಗಿಡ್ಡ ಮಾಡಿ ಕಟ್ಟಿದರೆ ಮಾತ್ರ ಪ್ರಯೋಜನ. ಅದೂ ತೊಲೆಗೆ, ರೀಪಿಗೆ ಕಟ್ಟಿದರೆ ರೀಪನ್ನೂ ಜೊತೆಗೆ ಕರೆದುಕೊಂಡು ಬೀಳುತ್ತಾನೆ. ಮಾಡಿನ ಹೊರಗೆ, ಇಪ್ಪತ್ತಡಿ ಎತ್ತರದಲ್ಲಿ ಹಾರ್ನೆಸ್ಸು ಜೀವ ಉಳಿಸುತ್ತದೆ. ಅಟ್ಟದೊಳಗೆ ನನ್ನ ಓಟು ಮೊಳೆ ಹೊಡೆದ ಹಲಗೆಗೆ, ಮುಚ್ಚಿದ ಬಾಯಿಗೆ.

ಬಿದ್ದ ಮೇಲೆ

ಆಚಾರರನ್ನು ನಾವು ಮೂವರು ಕೈ ಒಬ್ಬ, ಕಾಲು ಒಬ್ಬ, ಸೊಂಟ ಒಬ್ಬ ಹಿಡಿದು ಎತ್ತಿ, ಜೀಪಿನ ಸೀಟಿನಲ್ಲಿ ಕೂರಿಸಿ ಒಯ್ದೆವು. ದಾರಿಯಲ್ಲಿ ನೀರು ಕುಡಿಸಿದೆವು. ಇದೆಲ್ಲವೂ ತಪ್ಪು. ಎತ್ತರದಿಂದ ಬಿದ್ದವನ ಬೆನ್ನುಮೂಳೆ ಒಡೆದಿದೆಯೆಂದೇ ತಿಳಿದು ನಡೆದುಕೊಳ್ಳಬೇಕು. ಒಡೆದ ಮೂಳೆ ಒಳಗಿನ ನರದ ಹುರಿಯನ್ನು ಕತ್ತರಿಸುವುದು ಎಷ್ಟೋ ಸಲ ಬಿದ್ದಾಗಲ್ಲ, ನಾವು ಎತ್ತಿದಾಗ. ಇದ್ದಲ್ಲೇ ಮಲಗಿಸಿ, ತಲೆ ಅಲುಗದಂತೆ ಒಬ್ಬರು ಎರಡು ಕೈಯಲ್ಲಿ ಹಿಡಿದು ಕೂತಿರಬೇಕು. 2008ರಿಂದ ನಮ್ಮ ರಾಜ್ಯದಲ್ಲಿ 108ರ ಆಂಬುಲೆನ್ಸ್ ಇದೆ, ಅದಕ್ಕೆ ಫೋನು ಮಾಡಬೇಕು. ನಮ್ಮ ಕೆಲವು ಮನೆಗಳ ದಾರಿಗೆ ಅದು ಬಾರದು, ಫೋನೂ ಹತ್ತದು ಎಂಬುದು ನನಗೆ ತಿಳಿದಿದೆ. ನಾವೇ ಸಾಗಿಸಬೇಕಾದರೆ ನಾಲ್ಕು ಜನ ಸೇರಿ, ತಲೆ ಹಿಡಿದವನ ಮಾತಿಗೆ ಒಟ್ಟಾಗಿ, ಮರದ ದಿಮ್ಮಿ ಉರುಳಿಸಿದಂತೆ ಇಡೀ ದೇಹವನ್ನು ಒಂದೇ ಮಗ್ಗುಲಿಗೆ ತಿರುಗಿಸಿ, ಬೆನ್ನಡಿ ಬಾಗಿಲಿನ ಹಲಗೆ ಸರಿಸಿ, ಅದರ ಮೇಲೆ ಬಟ್ಟೆಯಿಂದ ಕಟ್ಟಿ ಪಿಕಪ್ ಗಾಡಿಯಲ್ಲಿ ಮಲಗಿಸಿ ಒಯ್ಯಬೇಕು. ತಿನ್ನಲು, ಕುಡಿಯಲು ಏನೂ ಕೊಡಬಾರದು. ತಲೆಗೆ ಪೆಟ್ಟು ಬಿದ್ದವನು ಎದ್ದು ಕೂತು "ಏನಾಗಿಲ್ಲ" ಎಂದರೂ ಆಸ್ಪತ್ರೆಗೆ ತೋರಿಸದೆ ಬಿಡಬಾರದು.

ಹಣದ ಮಾತೂ ಬರುತ್ತದೆ. ಕೆಲಸದಲ್ಲಿ ಗಾಯಗೊಂಡವನ ಪರಿಹಾರ ಕೆಲಸ ಕೊಟ್ಟವನ ಹೊಣೆ ಎಂಬ ತತ್ವ ನಮ್ಮ ದೇಶದ ಕಾನೂನಿನಲ್ಲಿ 1923ರಿಂದ ಇದೆ. ಕಟ್ಟಡ ಕೆಲಸದವರು ವರ್ಷದಲ್ಲಿ 90 ದಿನ ಆ ಕೆಲಸ ಮಾಡಿದ್ದರೆ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಬಡಗಿಗಳೂ ಇದರಲ್ಲಿ ಸೇರುತ್ತಾರೆ, ಬಹಳ ಮಂದಿಗೆ ಗೊತ್ತಿಲ್ಲ. ಬ್ಯಾಂಕ್ ಖಾತೆಯಿದ್ದವರಿಗೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಿದೆ. 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಮರಣ ಹೊಂದಿದರೆ ಅಥವಾ ಪೂರ್ಣ ಅಂಗವಿಕಲರಾದರೆ 2 ಲಕ್ಷ ಕೊಡುತ್ತಾರೆ. ಆಸ್ಪತ್ರೆಯ ಬಿಲ್ಲು ಅದರಿಂದ ಹುಟ್ಟುವುದಿಲ್ಲ. ಆಚಾರರ ಬಳಿ ಆಗ ಯಾವ ವಿಮೆಯೂ ಇರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಚಿಕಿತ್ಸೆಯ ಖರ್ಚನ್ನು ಆ ವರ್ಷದ ಕಾಫಿಯಿಂದ ಕೊಟ್ಟೆ. ಕೊಟ್ಟೆನೆಂದು ಹೇಳಿಕೊಳ್ಳಲು ಬರೆಯುತ್ತಿಲ್ಲ. ಆ ಕಾಫಿಯ ಹಣದ ಹತ್ತರಲ್ಲೊಂದು ಪಾಲಿನಲ್ಲಿ ಮೆಟ್ಟಿಲಾಗುತ್ತಿತ್ತು.

ಆಚಾರರು ಈಗ ಮನೆಯ ಜಗಲಿಯಲ್ಲೇ ಕುಳಿತು ಮಣೆ, ತೊಟ್ಟಿಲು ಮಾಡುತ್ತಾರೆ. ಮೊನ್ನೆ ಹುಡುಗ ಬಿದ್ದ ಸುದ್ದಿ ಹೇಳಲು ಹೋದಾಗ ಬಹಳ ಹೊತ್ತು ಸುಮ್ಮನಿದ್ದು, "ಅಟ್ಟದ ಬಾಯಿಗೆ ಒಂದು ಅಳತೆಯ ಮುಚ್ಚಳ ಮಾಡಿಡಬಹುದಲ್ವಾ ಅಯ್ಯಾ, ಬೇಕಾದವರು ಒಯ್ಯಲಿ" ಎಂದರು. ಆಡಳಿತ ಮಂಡಳಿಯ ಮುಂದೆ ವಿಷಯವಿಟ್ಟೆ, ಒಪ್ಪಿಗೆಯಾಯಿತು. ಅವರು ಸಿಲ್ವರ್ ಮರದಲ್ಲಿ ಮಾಡಿಕೊಟ್ಟ, ಕೆಳಗೆ ರೀಪು ಹೊಡೆದು ಕೆಂಪು ಗೆರೆ ಎಳೆದ ನಾಲ್ಕು ಮುಚ್ಚಳ, ಅಡ್ಡಪಟ್ಟಿಯ ಹತ್ತಡಿ ಹಲಗೆ ಆರು, ಎರಡು ಹಾರ್ನೆಸ್ಸು ಈಗ ಸಂಘದ ಗೊಬ್ಬರದ ಗೋದಾಮಿನಲ್ಲಿವೆ. ಸದಸ್ಯರಿಗೆ ಬಾಡಿಗೆ ಇಲ್ಲ, ಪುಸ್ತಕದಲ್ಲಿ ರುಜು ಹಾಕಿ ಒಯ್ಯಬಹುದು. ಭಾನುವಾರ ಗೋದಾಮು ಮುಚ್ಚಿರುತ್ತದೆ. ಬರುವಾಗ ನಿಮ್ಮ ಅಟ್ಟದ ಬಾಯಿಯ ಉದ್ದ, ಅಗಲ ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಅಳತೆ ಹೊಂದದಿದ್ದರೆ ಆಚಾರರು ಎರಡು ದಿನದಲ್ಲಿ ಬೇರೆ ಮಾಡಿಕೊಡುತ್ತಾರೆ.